ಲಾಗ್‌ಬುಕ್‌ನಲ್ಲಿ 60 ಕೇಸ್, ಕೈಯಲ್ಲಿ ಎಷ್ಟು?

ಪ್ರಶ್ನೆ: ನಾನು ನೇತ್ರ ವಿಭಾಗದಲ್ಲಿ ಎಂಎಸ್ ಕೊನೆ ವರ್ಷದಲ್ಲಿದ್ದೇನೆ. ಲಾಗ್‌ಬುಕ್‌ನಲ್ಲಿ ಪೊರೆ ಆಪರೇಷನ್ 60 ದಾಟಿದೆ. ಶುರುವಿಂದ ಕೊನೆವರೆಗೆ ನಾನೇ ಮಾಡಿದ್ದು ಮಾತ್ರ 14. ಬೇರೆ ಕಾಲೇಜಿನ ಗೆಳತಿ 200 ಮಾಡಿದ್ದಾಳಂತೆ. ಮುಂದಿನ ವರ್ಷ ತಾಲೂಕು ಆಸ್ಪತ್ರೆಗೆ ಹಾಕಿದರೆ ಒಬ್ಬಳೇ ಆಪರೇಷನ್ ಮಾಡುವ ಧೈರ್ಯ ಬರುತ್ತದಾ ಸರ್?
– ಒಬ್ಬ ಓದುಗರು, ಕಲಬುರಗಿ

ಉತ್ತರ: ಆ 60 ಪಕ್ಕಕ್ಕಿಡಿ. 14 ಅಂತ ಬರೆದಿರಲ್ಲ, ಅದು ನಿಜವಾದ ಲೆಕ್ಕ. ಟನಲ್ (ಕಣ್ಣೊಳಗೆ ಹೋಗುವ ಸೀಳು), ರೆಕ್ಸಿಸ್ (ಲೆನ್ಸಿನ ಚೀಲವನ್ನು ದುಂಡಗೆ ತೆರೆಯುವುದು), ನ್ಯೂಕ್ಲಿಯಸ್ (ಪೊರೆಯ ಗಟ್ಟಿ ತಿರುಳು ತೆಗೆಯುವುದು) ಎಲ್ಲ ಮೇಡಂ ಮುಗಿಸಿ "ಲೆನ್ಸ್ ನೀನು ಹಾಕು" ಅಂದರೆ ಅದೂ ಲಾಗ್‌ಬುಕ್‌ನಲ್ಲಿ ಒಂದು ಕೇಸ್ ಆಗಿಬಿಡುತ್ತದೆ. ನಮ್ಮ ಕಾಲದಲ್ಲೂ ಹೀಗೇ ಇತ್ತು.

14 ಕಡಿಮೆಯೇ. ಸುಮ್ನೆ ಸಮಾಧಾನ ಹೇಳುವುದಿಲ್ಲ. ಅಮೆರಿಕದಲ್ಲಿ ಕಣ್ಣಿನ ರೆಸಿಡೆಂಟ್ ತರಬೇತಿ ಮುಗಿಸಬೇಕಾದರೆ ಮುಖ್ಯ ಸರ್ಜನ್ ಆಗಿ ಕನಿಷ್ಠ 86 ಪೊರೆ ಆಪರೇಷನ್ ಮಾಡಿರಬೇಕು. ಅಲ್ಲಿನ ರೆಸಿಡೆಂಟ್‌ಗಳ ಫೇಕೋ (ಅಲ್ಟ್ರಾಸೌಂಡ್‌ನಿಂದ ಪೊರೆ ಒಡೆದು ಹೀರುವ ವಿಧಾನ) ಕೇಸುಗಳನ್ನು ನೋಡಿದ 2007ರ ಒಂದು ಅಧ್ಯಯನದಲ್ಲೂ, 80 ಕೇಸ್ ದಾಟಿದ ಮೇಲೆ ವಿಟ್ರಿಯಸ್ (ಕಣ್ಣಿನ ಹಿಂಭಾಗದ ಲೋಳೆ) ಹೊರಬರುವುದು ಕಡಿಮೆಯಾಗಿತ್ತು.

ಆದರೆ ನೀವು ಕೇಳಿದ್ದು ಧೈರ್ಯದ ಬಗ್ಗೆ. ಗೆಳತಿಯ 200ರಲ್ಲಿ ಕ್ಯಾಪ್ಸೂಲ್ (ಲೆನ್ಸ್ ಸುತ್ತಲಿನ ತೆಳು ಚೀಲ) ಹರಿದಾಗ ಸ್ಟೂಲ್ ಮೇಲೆ ಯಾರು ಕೂತಿದ್ದರು ಅಂತ ಕೇಳಿ ನೋಡಿ. ಪ್ರತಿ ಸಲ ಸೀನಿಯರ್ ಬಂದು ಕೂತಿದ್ದರೆ ಅವಳಿಗೂ ತಾಲೂಕು ಆಸ್ಪತ್ರೆಯಲ್ಲಿ ನಿಮ್ಮಷ್ಟೇ ಭಯವಾಗುತ್ತದೆ.

ನನ್ನದೇ ಹೇಳುತ್ತೇನೆ. ಫೇಕೋ ಕಲಿಯುವಾಗ ಒಂಬತ್ತನೇ ಕೇಸು. ಇದ್ದಕ್ಕಿದ್ದಂತೆ ಚೇಂಬರ್ (ಪಾಪೆಯ ಮುಂದಿನ ಜಾಗ) ಆಳವಾಯಿತು, ಪಾಪೆ ಫಕ್ಕನೆ ಅಗಲವಾಯಿತು. ಕ್ಯಾಪ್ಸೂಲ್ ಹರಿದಿತ್ತು. ಗಾಬರಿಯಲ್ಲಿ ಪ್ರೋಬ್ ಹೊರಗೆಳೆದೆ. ಹಿಂದೆಯೇ ವಿಟ್ರಿಯಸ್ ಬಂತು. ಸರ್ ಮಾತಾಡದೆ ನನ್ನ ಜಾಗದಲ್ಲಿ ಕೂತು ಮುಗಿಸಿದರು. ಎರಡು ತಿಂಗಳಾದ ಮೇಲೆ ಮತ್ತೆ ಹರಿಯಿತು. ನಾನು ಏಳಲು ಹೋದೆ. ಭುಜ ಒತ್ತಿ ಕೂರಿಸಿದರು. "ಪ್ರೋಬ್ ಎಳೀಬೇಡ. ಎಡಗೈಲಿ ಸೈಡ್ ಪೋರ್ಟ್‌ನಿಂದ ವಿಸ್ಕೋ ತುಂಬು. ಚೇಂಬರ್ ನಿಂತ ಮೇಲೆ ಈಚೆ ತೆಗಿ." ಸೈಡ್ ಪೋರ್ಟ್ ಅಂದರೆ ಪಕ್ಕದ ಸಣ್ಣ ರಂಧ್ರ, ವಿಸ್ಕೋ ಅಂದರೆ ಚೇಂಬರ್ ಕುಸಿಯದಂತೆ ಹಿಡಿಯುವ ಜೆಲ್. ಬೆವರು ಕಿತ್ತು ಬಂತು, ಆದರೆ ಮುಗಿಸಿದ್ದು ನಾನೇ. ಅದಕ್ಕೂ ಮುಂಚಿನ ಸಲೀಸು ಕೇಸುಗಳು ಒಂದೂ ನನಗೆ ನೆನಪಿಲ್ಲ.

ಹಾಗಾಗಿ ಯೂನಿಟ್ ಚೀಫ್ ಹತ್ತಿರ "ಇನ್ನೂ ಕೇಸ್ ಕೊಡಿ" ಅಂತಷ್ಟೇ ಕೇಳಬೇಡಿ. "ಹರಿದಾಗ ನನ್ನನ್ನು ಎಬ್ಬಿಸಬೇಡಿ, ಪಕ್ಕದಲ್ಲಿ ನಿಂತಿರಿ" ಅಂತಲೂ ಕೇಳಿ. ರೋಗಿಗೆ ಅಪಾಯ ಅನ್ನಿಸಿದರೆ ಅವರು ಎಬ್ಬಿಸಿಯೇ ಎಬ್ಬಿಸುತ್ತಾರೆ, ಎಬ್ಬಿಸಲೂಬೇಕು. ಮಟನ್ ಅಂಗಡಿಯಿಂದ ಮೇಕೆ ಕಣ್ಣು ತರಿಸಿಕೊಂಡು ಟನಲ್, ಹೊಲಿಗೆ ಅಭ್ಯಾಸ ಮಾಡಿ. ರೆಕ್ಸಿಸ್‌ಗೆ ಅದು ಅಷ್ಟು ಸರಿಹೋಗುವುದಿಲ್ಲ, ಕ್ಯಾಪ್ಸೂಲ್ ದಪ್ಪ. ಮೈಕ್ರೋಸ್ಕೋಪ್‌ಗೆ ಕ್ಯಾಮೆರಾ ಇದ್ದರೆ ನಿಮ್ಮ ಆಪರೇಷನ್ ವಿಡಿಯೋ ರಾತ್ರಿ ಕೂತು ನೋಡಿ. ಮುಜುಗರ ಆಗುತ್ತದೆ, ಆಗಲಿ.

ತಾಲೂಕಿಗೆ ಹೋದ ಮೇಲೆ ಮೊದಲ ಕೆಲವು ತಿಂಗಳು ಕೇಸ್ ಆರಿಸಿಕೊಳ್ಳಿ. ಒಂದೇ ಕಣ್ಣಿರುವವರು, ಪಾಪೆ ಹಿಗ್ಗದವರು, ಪೊರೆ ಕಪ್ಪಗೆ ಕಲ್ಲಾದವರು – ಇವರನ್ನೆಲ್ಲ ದೊಡ್ಡಾಸ್ಪತ್ರೆಗೆ ಕಳಿಸಿ. ಕ್ಯಾಪ್ಸೂಲ್ ಆಸರೆ ಇಲ್ಲ ಅನ್ನಿಸಿದರೆ ವಿಟ್ರಿಯಸ್ ಶುಚಿ ಮಾಡಿ, ಲೆನ್ಸ್ ಹಾಕದೆ ಹೊಲಿಗೆ ಹಾಕಿ ಬನ್ನಿ. ಲೆನ್ಸ್ ಆಮೇಲೆ ಇನ್ನೊಬ್ಬರು ಹಾಕಬಹುದು. ಮೊದಲ ದಿನದ ಲಿಸ್ಟಿನಲ್ಲಿ ಮೂರೇ ಕೇಸ್ ಇರಲಿ. ಥಿಯೇಟರ್ ಸಿಸ್ಟರ್ "ಇಷ್ಟೇನಾ ಡಾಕ್ಟ್ರೇ?" ಅಂತಾರೆ. ಹೌದು ಅನ್ನಿ.