ಶಿಕ್ಷಣ ಪ್ರಶ್ನೋತ್ತರ: ಆರನೇ ವರ್ಷದ ಬರಹವನ್ನು ಅಳೆಯುವವರು ಯಾರು?

ಪ್ರಶ್ನೆ: ಎರಡು ವರ್ಷಗಳ ಹಿಂದೆ ಮೈಸೂರಿನಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ನೆಲೆಸಿದ್ದೇವೆ. ಮಗಳು ಈಗ ಇಲ್ಲಿನ ಪ್ರೈಮರಿ ಶಾಲೆಯ ಕೊನೆಯ ತರಗತಿಯಾದ ಇಯರ್ ಸಿಕ್ಸ್‌ನಲ್ಲಿದ್ದಾಳೆ. ಓದು, ಗಣಿತ ಎರಡರಲ್ಲೂ ಮುಂದಿದ್ದಾಳೆ. ಆದರೆ ಪೋಷಕರ ಸಭೆಯಲ್ಲಿ ಶಿಕ್ಷಕಿ, ಬರಹದಲ್ಲಿ ಅವಳು ಇನ್ನೂ ‘ವರ್ಕಿಂಗ್ ಟುವರ್ಡ್ಸ್’ ಹಂತದಲ್ಲಿದ್ದಾಳೆ ಎಂದರು. ಅವಳು ಬರೆದ ಕಥೆಯ ನಕಲನ್ನು ಜೊತೆಗಿಟ್ಟಿದ್ದೇನೆ. ಬರಹದ ಪರೀಕ್ಷೆ ಯಾವಾಗ, ಹಳೆಯ ಪ್ರಶ್ನೆಪತ್ರಿಕೆಗಳು ಎಲ್ಲಿ ಸಿಗುತ್ತವೆ, ಇದರಿಂದ ಸೆಕೆಂಡರಿ ಶಾಲೆಗೆ ಸೇರಲು ತೊಂದರೆಯಾಗುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಕೊನೆಯ ಆತಂಕವನ್ನು ಮೊದಲು ಕಳೆಯುತ್ತೇನೆ. ಸೆಕೆಂಡರಿ ಶಾಲೆಯ ಸೀಟು ಮಾರ್ಚ್ 1ರ ಹೊತ್ತಿಗೇ ತೀರ್ಮಾನವಾಗಿರುತ್ತದೆ, ಪ್ರೈಮರಿಯ ಕೊನೆಯ ಮೌಲ್ಯಮಾಪನ ಅದಾದ ಮೇಲಿನದು. ಪರೀಕ್ಷೆ ನಡೆಸಿ ಮಕ್ಕಳನ್ನು ಆಯ್ದುಕೊಳ್ಳುವ ‘ಗ್ರಾಮರ್ ಶಾಲೆ’ಗಳ ಪ್ರವೇಶ ಪರೀಕ್ಷೆಯಂತೂ ಬೇರೆಯೇ. ಆದ್ದರಿಂದ ಈ ಫಲಿತಾಂಶ ಸೀಟಿಗೆ ಅಡ್ಡ ಬರುವುದಿಲ್ಲ.

ಹಳೆಯ ಪ್ರಶ್ನೆಪತ್ರಿಕೆಯನ್ನು ನೀವು ಹುಡುಕಬೇಕಾಗಿಲ್ಲ, ಏಕೆಂದರೆ ಬರಹಕ್ಕೆ ಈಗ ಪರೀಕ್ಷೆಯೇ ಇಲ್ಲ. ಮೇ ತಿಂಗಳಲ್ಲಿ ನಡೆಯುವ ‘ಸ್ಯಾಟ್ಸ್’ ಎಂಬ ರಾಷ್ಟ್ರಮಟ್ಟದ ಪರೀಕ್ಷೆಗಳಲ್ಲಿ ಓದು, ಗಣಿತ ಮತ್ತು ವ್ಯಾಕರಣ-ಕಾಗುಣಿತದ ಪತ್ರಿಕೆಗಳಿರುತ್ತವೆ. ವ್ಯಾಕರಣದ್ದು 50 ಅಂಕ, ಕಾಗುಣಿತದ್ದು 20 ಪದಗಳಿಗೆ 20 ಅಂಕ. ಮೊದಲು ಬರಹಕ್ಕೂ ಹೀಗೆಯೇ ಒಂದು ಪತ್ರಿಕೆಯಿದ್ದು, ಹೊರಗಿನವರು ಅದನ್ನು ತಿದ್ದುತ್ತಿದ್ದರು. ಒಂದೇ ಪ್ರಬಂಧವನ್ನು ಇಬ್ಬರು ಓದಿದರೆ ಬೇರೆ ಬೇರೆ ಅಂಕ ಬೀಳುವುದು, ಆ ಪತ್ರಿಕೆಗಾಗಿಯೇ ಮಕ್ಕಳನ್ನು ತಿಂಗಳುಗಟ್ಟಲೆ ತಾಲೀಮು ಮಾಡಿಸುವುದು ಎಂಬ ದೂರುಗಳು ಬೆಳೆದ ಮೇಲೆ, ಲಾರ್ಡ್ ಬ್ಯೂ ನೇತೃತ್ವದ ಸಮಿತಿಯು 2011ರಲ್ಲಿ, ಬರಹವನ್ನು ತರಗತಿಯ ಶಿಕ್ಷಕರೇ ವರ್ಷದ ಕೆಲಸ ನೋಡಿ ಅಳೆಯಲಿ ಎಂದು ಶಿಫಾರಸು ಮಾಡಿತು. ವ್ಯಾಕರಣದ ಪತ್ರಿಕೆ 2013ರಲ್ಲಿ ಬಂದಿತು. ಹೀಗೆ ವ್ಯಾಕರಣದ ಅಂಕ ಒಂದು ಕಡೆ, ಬರಹದ ತೀರ್ಮಾನ ಇನ್ನೊಂದು ಕಡೆ ಎಂದು ಎರಡು ದಾರಿಗಳಾದವು. ವ್ಯಾಕರಣದ ಪತ್ರಿಕೆಯಲ್ಲಿ ಪೂರ್ತಿ ಅಂಕ ತಂದ ಮಗುವೂ ಬರಹದಲ್ಲಿ ಹಿಂದೆ ಉಳಿಯಬಹುದು.

ಬರಹದ ತೀರ್ಮಾನದಲ್ಲಿ ಮೂರು ಮುಖ್ಯ ಹಂತಗಳಿವೆ: ‘ವರ್ಕಿಂಗ್ ಟುವರ್ಡ್ಸ್’ ಎಂದರೆ ಮಟ್ಟದತ್ತ ಸಾಗುತ್ತಿರುವ ಮಗು, ‘ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್’ ಎಂದರೆ ನಿರೀಕ್ಷಿತ ಮಟ್ಟ ಮುಟ್ಟಿದ ಮಗು, ‘ಗ್ರೇಟರ್ ಡೆಪ್ತ್’ ಎಂದರೆ ಅದನ್ನೂ ಮೀರಿದ ಮಗು. ದೇಶದಾದ್ಯಂತ 2024ರಲ್ಲಿ ನಿರೀಕ್ಷಿತ ಮಟ್ಟ ಅಥವಾ ಅದಕ್ಕಿಂತ ಮೇಲೆ ಇದ್ದವರು ಶೇ. 72, ‘ಗ್ರೇಟರ್ ಡೆಪ್ತ್’ ಪಡೆದವರು ಶೇ. 13. ಅಂದರೆ ನಾಲ್ಕು ಮಕ್ಕಳಲ್ಲಿ ಒಂದಕ್ಕಿಂತ ಹೆಚ್ಚು ಮಗು ನಿಮ್ಮ ಮಗಳಿರುವ ಸಾಲಿನಲ್ಲಿ ಅಥವಾ ಅದರ ಹಿಂದೆಯೇ ಇದೆ.

ಪ್ರತಿ ಹಂತಕ್ಕೂ ‘ಮಗು ಇದನ್ನು ಮಾಡಬಲ್ಲದು’ ಎಂಬ ಹೇಳಿಕೆಗಳ ಪಟ್ಟಿಯಿದೆ. ಶಿಕ್ಷಕರು ಒಂದೇ ಕಥೆಯನ್ನು ನೋಡುವುದಿಲ್ಲ. ಪತ್ರ, ವರದಿ, ಕಥೆ, ವಿಜ್ಞಾನದ ಟಿಪ್ಪಣಿ ಹೀಗೆ ಬೇರೆ ಬೇರೆ ಉದ್ದೇಶಕ್ಕೆ ಬರೆದ ಹಲವು ಬರಹಗಳಲ್ಲಿ ಆ ಹೇಳಿಕೆಗಳಿಗೆ ಸಾಕ್ಷಿ ಹುಡುಕುತ್ತಾರೆ. ಇಲ್ಲಿ ಒಳ್ಳೆಯದಕ್ಕೆ ಹೆಚ್ಚು ಅಂಕ ಸೇರಿ, ಕೊರತೆಗೆ ಒಂದಿಷ್ಟು ಕಳೆದು, ಕೊನೆಗೆ ಸರಿದೂಗುವ ನಮ್ಮ ಊರಿನ ಲೆಕ್ಕವಿಲ್ಲ. ಪಟ್ಟಿಯಲ್ಲಿ ಇರುವುದೆಲ್ಲ ಕಾಣಿಸಬೇಕು. 2016ರಲ್ಲಿ ಈ ನಿಯಮ ಎಷ್ಟು ಬಿಗಿಯಾಗಿತ್ತೆಂದರೆ, ಕಲ್ಪನೆ ಎಷ್ಟೇ ಚೆಲುವಾಗಿದ್ದರೂ ಒಂದು ಅಂಶ ತಪ್ಪಿದರೆ ಮಗು ಕೆಳಗಿನ ಹಂತದಲ್ಲೇ ಉಳಿಯುತ್ತಿತ್ತು. ಒಂದೇ ಒಂದು ದೌರ್ಬಲ್ಯ ಮಗುವಿನ ಒಟ್ಟು ಸಾಮರ್ಥ್ಯವನ್ನು ಮರೆಮಾಡಬಾರದೆಂದು ಶಿಕ್ಷಕರಿಗೆ ವಿವೇಚನೆಯ ಅವಕಾಶ ಸಿಕ್ಕಿದ್ದು 2017-18ರಲ್ಲಿ. ಆದರೂ ಪಟ್ಟಿಯ ಗುಣ ಪಟ್ಟಿಗೆ ಇದ್ದೇ ಇದೆ: ಎಣಿಸಲು ಬರುವುದು ಅದರಲ್ಲಿ ಎದ್ದು ಕಾಣುತ್ತದೆ, ಓದಿದವರ ಮನಸ್ಸಿನಲ್ಲಿ ಉಳಿಯುವುದು ಅದಕ್ಕೆ ಸಿಗುವುದಿಲ್ಲ. ‘ಗ್ರೇಟರ್ ಡೆಪ್ತ್’ಗೆಂದು ಅರ್ಧವಿರಾಮವನ್ನು ಒಗ್ಗರಣೆಯ ಸಾಸಿವೆಯಂತೆ ಉದುರಿಸಿದ ಬರಹಗಳನ್ನು ಓದಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ನಿಮ್ಮ ಮಗಳ ಕಥೆಯನ್ನು ಎರಡು ಸಲ ಓದಿದೆ. ಅಜ್ಜಿಯ ಮನೆಯ ಹಿತ್ತಲಲ್ಲಿ ರಾತ್ರಿ ಮಾವಿನಹಣ್ಣು ಬಿದ್ದ ಸದ್ದಿಗೆ ಹುಡುಗಿ ಎಚ್ಚರಗೊಳ್ಳುವ ಭಾಗ ನಿಜಕ್ಕೂ ಚೆನ್ನಾಗಿದೆ. ಸ್ಥಳವನ್ನೂ ವಾತಾವರಣವನ್ನೂ ಕಟ್ಟುವುದರಲ್ಲಿ ಅವಳು ನಿರೀಕ್ಷಿತ ಮಟ್ಟವನ್ನು ಮುಟ್ಟಿದ್ದಾಳೆ ಎನ್ನಲು ನನಗೆ ಸಂಕೋಚವಿಲ್ಲ. ತೊಡಕಿರುವುದು ಮೂರು ಕಡೆ. ಎರಡನೇ ಪ್ಯಾರಾ ‘ಅಜ್ಜಿ ಬಾಗಿಲು ತೆರೆದರು’ ಎಂದು ಭೂತಕಾಲದಲ್ಲಿ ಆರಂಭವಾಗಿ, ನಾಲ್ಕನೇ ವಾಕ್ಯಕ್ಕೆ ‘ಅಜ್ಜಿ ನಗುತ್ತಾರೆ’ ಎಂದು ವರ್ತಮಾನಕ್ಕೆ ಜಾರುತ್ತದೆ. ಕನ್ನಡದಲ್ಲಿ ಕಥೆ ಹೇಳುವಾಗ ‘ಹೋಗಿ ನೋಡ್ತಾಳೆ, ಅಲ್ಲಿ ಯಾರೂ ಇಲ್ಲ’ ಎಂದು ನಾವೆಲ್ಲ ಹೀಗೆ ಜಾರುತ್ತೇವೆ, ಅದು ಕೇಳಲು ಸೊಗಸು ಕೂಡ. ಆದರೆ ಅವರ ಪಟ್ಟಿ ಕಾಲದ ರೂಪ ಬರಹದುದ್ದಕ್ಕೂ ಸರಿಯಾಗಿ, ಒಂದೇ ಸಮನಾಗಿ ಇರಬೇಕು ಎನ್ನುತ್ತದೆ. ಎರಡನೆಯದು ಸಂಭಾಷಣೆ. ಮಾತು ಎಲ್ಲಿ ಮುಗಿಯಿತೆಂಬುದನ್ನು ಕನ್ನಡದಲ್ಲಿ ‘ಎಂದು’ ಅಥವಾ ‘ಅಂತ’ ಹೇಳಿಬಿಡುತ್ತದೆ, ಹಾಗಾಗಿ ಉದ್ಧರಣ ಚಿಹ್ನೆ ಮರೆತರೂ ಓದುಗ ದಾರಿ ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಆ ಆಸರೆಯಿಲ್ಲ. ಚಿಹ್ನೆ ತೆರೆಯಬೇಕು, ಮಾತಿನ ಕೊನೆಯ ವಿರಾಮವನ್ನು ಅದರೊಳಗೇ ಇಡಬೇಕು, ಆಮೇಲೆ ಮುಚ್ಚಬೇಕು. ನಿಮ್ಮ ಮಗಳು ತೆರೆದದ್ದನ್ನು ಮೂರು ಕಡೆ ಮುಚ್ಚಿಲ್ಲ. ಇದರ ಜೊತೆಗೆ, ಸಂಭಾಷಣೆ ಬರಿಯ ಕುಶಲ ವಿಚಾರಣೆಯಾಗಿರದೆ ಪಾತ್ರದ ಸ್ವಭಾವವನ್ನು ತೋರಿಸಬೇಕು, ಕಥೆಯನ್ನು ಮುಂದಕ್ಕೆ ಒಯ್ಯಬೇಕು ಎಂಬ ನಿರೀಕ್ಷೆಯೂ ಇದೆ.

ಮೂರನೆಯದು ಕೈಬರಹ, ಇದು ನಮ್ಮ ಪೋಷಕರಿಗೆ ತಕ್ಷಣ ಹೊಳೆಯುವುದಿಲ್ಲ. ಅವಳ ಅಕ್ಷರ ಮುತ್ತು ಪೋಣಿಸಿದಂತಿದೆ, ಆದರೆ ಒಂದೊಂದೂ ಬಿಡಿ ಬಿಡಿ. ನಿರೀಕ್ಷಿತ ಮಟ್ಟದಲ್ಲಿ ಅಕ್ಷರಗಳನ್ನು ಕೂಡಿಸಿ ಬರೆಯಬೇಕು, ವೇಗವಾಗಿ ಬರೆದಾಗಲೂ ಅದು ಓದಲು ಬರುವಂತಿರಬೇಕು. ಕನ್ನಡದ ಅಕ್ಷರವನ್ನು ಬಿಡಿಸಿಯೇ ದುಂಡಗೆ ಬರೆಯುವುದು ನಮ್ಮಲ್ಲಿ ಅಚ್ಚುಕಟ್ಟಿನ ಗುರುತು. ಅಲ್ಲಿ ಬಿಡಿ ಅಕ್ಷರ ಎಷ್ಟು ಅಂದವಾಗಿದ್ದರೂ ಈ ಹೇಳಿಕೆಗೆ ಸಾಕ್ಷಿಯಾಗುವುದಿಲ್ಲ. ಇದು ನಿತ್ಯ ಸ್ವಲ್ಪ ಹೊತ್ತಿನ ಅಭ್ಯಾಸದಿಂದ ಸರಿಹೋಗುವ ಸಂಗತಿ.

ಶಿಕ್ಷಕಿಯನ್ನು ಮತ್ತೊಮ್ಮೆ ಕಂಡು, ‘ಯಾವ ಹೇಳಿಕೆಗೆ ಇನ್ನೂ ಸಾಕ್ಷಿ ಸಿಕ್ಕಿಲ್ಲ?’ ಎಂದು ಕೇಳಿ. ‘ನನ್ನ ಮಗಳು ಯಾಕೆ ಹಿಂದಿದ್ದಾಳೆ?’ ಎಂದು ಕೇಳಿದರೆ ಸಮಾಧಾನದ ಮಾತು ಸಿಗುತ್ತದೆ, ಹೀಗೆ ಕೇಳಿದರೆ ಕೆಲಸದ ಮಾತು ಸಿಗುತ್ತದೆ. ಅಂತಿಮ ತೀರ್ಮಾನ ಹೋಗುವುದು ಜೂನ್ ಕೊನೆಯಲ್ಲಿ, ಅಲ್ಲಿಯವರೆಗಿನ ಬರಹಗಳೂ ಲೆಕ್ಕಕ್ಕೆ ಬರುತ್ತವೆ.

ಪ್ರಶ್ನೆ: ನಾನು ಹಾಸನದ ನಿವೃತ್ತ ಕನ್ನಡ ಶಿಕ್ಷಕ. ಮೊಮ್ಮಗ ಇಂಗ್ಲೆಂಡಿನಲ್ಲಿ ಪ್ರೈಮರಿಯ ಕೊನೆಯ ವರ್ಷದಲ್ಲಿದ್ದಾನೆ. ಪಾಠ ಮಾಡಿದವರೇ ಬರಹವನ್ನೂ ಅಳೆದರೆ ಪಕ್ಷಪಾತವಾಗುವುದಿಲ್ಲವೇ? ಅವನು ನನಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಾನೆ. ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುವುದು ಸರಿಯೇ?

ಉತ್ತರ: ಗುರುಗಳೇ, ನಿಮ್ಮ ಸಂಶಯ ಅಲ್ಲಿಯವರಿಗೂ ಇದೆ. ಅದಕ್ಕೇ ಪ್ರತಿ ವರ್ಷ ಸ್ಥಳೀಯ ಆಡಳಿತವು ಕನಿಷ್ಠ ಶೇ. 25ರಷ್ಟು ಶಾಲೆಗಳಿಗೆ ಮಾಡರೇಟರ್‌ಗಳನ್ನು, ಅಂದರೆ ಶಿಕ್ಷಕರ ತೀರ್ಮಾನವನ್ನು ಪರಿಶೀಲಿಸುವವರನ್ನು, ಕಳಿಸುತ್ತದೆ. ಅವರು ಕೆಲವು ಮಕ್ಕಳ ಪುಸ್ತಕಗಳನ್ನು ಶಿಕ್ಷಕರ ಎದುರೇ ಬಿಚ್ಚಿ, ಹೇಳಿಕೆಗೊಂದು ಸಾಕ್ಷಿ ಕೇಳುತ್ತಾರೆ. ಸಾಕ್ಷಿ ಸಾಲದಿದ್ದರೆ ತೀರ್ಮಾನ ಬದಲಾಗುತ್ತದೆ. ಪಟ್ಟಿಯನ್ನೇ ಬಿಟ್ಟು, ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟು ‘ಇವೆರಡರಲ್ಲಿ ಯಾವುದು ಉತ್ತಮ?’ ಎಂದಷ್ಟೇ ಹಲವು ಶಿಕ್ಷಕರನ್ನು ಕೇಳುವ ವಿಧಾನವನ್ನೂ ಅಲ್ಲಿನ ಕೆಲವು ಶಾಲೆಗಳು ಬಳಸುತ್ತಿವೆ. ಅಮೆರಿಕದ ಮನೋವಿಜ್ಞಾನಿ ಥರ್ಸ್ಟನ್ 1927ರಲ್ಲಿ ಮಂಡಿಸಿದ ಹೋಲಿಕೆಯ ಸಿದ್ಧಾಂತ ಇದಕ್ಕೆ ಆಧಾರ. ನನಗೆ ಈ ದಾರಿ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಇದರಲ್ಲಿ ಬರಹವನ್ನು ಇಡಿಯಾಗಿ ಓದಲೇಬೇಕು. ಆದರೆ ಸರ್ಕಾರಕ್ಕೆ ಹೋಗುವ ತೀರ್ಮಾನ ಇಂದಿಗೂ ಪಟ್ಟಿಯದೇ.

ಇನ್ನು ಹೊರಗಿನ ಪರೀಕ್ಷೆಯೇ ನ್ಯಾಯವೆಂಬ ನಂಬಿಕೆಯ ಬಗ್ಗೆ ನೀವೇ ಹೇಳಬಲ್ಲಿರಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಗೆರೆ ಎಳೆದು ‘ಗ್ರಂಥಾಲಯದ ಮಹತ್ವ’ವನ್ನು ಗೈಡಿನಿಂದ ಬಾಯಿಪಾಠ ಮಾಡಿ ಇಳಿಸಿದವರಿಗೆ ನಾವು ಅಂಕ ಕೊಟ್ಟಿಲ್ಲವೇ? ನಮ್ಮಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನೇ ಹೇಳುತ್ತದೆ. ಕರ್ನಾಟಕದಲ್ಲಿ 5 ಮತ್ತು 8ನೇ ತರಗತಿಗಳಿಗೆ ಬೋರ್ಡ್ ಮಟ್ಟದ ಮೌಲ್ಯಾಂಕನ ತಂದಾಗ 2023 ಮತ್ತು 2024ರಲ್ಲಿ ವಿಷಯ ನ್ಯಾಯಾಲಯದ ಮೆಟ್ಟಿಲೇರಿದ್ದು ನಿಮಗೆ ತಿಳಿದೇ ಇದೆ.

ಕೆಂಪು ಶಾಯಿಯ ವಿಚಾರಕ್ಕೆ ಬರುತ್ತೇನೆ. ಮೌಲ್ಯಮಾಪನಕ್ಕೆ ಲೆಕ್ಕವಾಗುವ ಬರಹ ಮಗುವಿನ ಸ್ವಂತದ್ದಾಗಿರಬೇಕು. ‘ಮೊದಲ ಪ್ಯಾರಾದ ಕಾಗುಣಿತವನ್ನು ಇನ್ನೊಮ್ಮೆ ನೋಡು’ ಎಂದು ಶಿಕ್ಷಕರು ಹೇಳಬಹುದು, ತಪ್ಪಿದ ಪದವನ್ನೇ ಬೆರಳಿಟ್ಟು ತೋರಿಸಿದರೆ ಆ ತಿದ್ದುಪಡಿ ಮಗುವಿನ ಖಾತೆಗೆ ಬರುವುದಿಲ್ಲ. ನಿಘಂಟು ನೋಡಿ ಅವನೇ ತಿದ್ದಿಕೊಂಡರೆ ಬರುತ್ತದೆ. ನಿಮ್ಮ ಪತ್ರಗಳಿಗೆ ಈ ಕಟ್ಟಳೆಯೇನೂ ಇಲ್ಲ. ಆದರೂ ಪತ್ರದ ತುಂಬ ಗೆರೆ ಎಳೆಯುವ ಬದಲು ‘ಎರಡನೇ ಪ್ಯಾರಾದಲ್ಲಿ ಮೂರು ತಪ್ಪುಗಳಿವೆ, ಹುಡುಕಿ ಹೇಳು’ ಎಂದು ಮರುಪತ್ರದ ಕೊನೆಯಲ್ಲಿ ಒಂದು ಸಾಲು ಬರೆಯಿರಿ. ಪತ್ರದ ಉಳಿದ ಭಾಗದಲ್ಲಿ ಅವನು ಕೇಳಿದ ಪ್ರಶ್ನೆಗಳಿಗೆ ಉತ್ತರವಿರಲಿ.