ಬಿರುಕಿಗೆ ಗೂಟ ಹೊಡೆಯುವ ಪಾಠ

ಪತ್ರ: ಶಾಲೆಗಳಲ್ಲಿ ವಿಪತ್ತಿನ ಅಣಕು ಕಾರ್ಯಾಚರಣೆ ಮಾಡಿಸಿದರೆ ಸಾಲದೇ? ಕಲ್ಲು, ಮಣ್ಣು, ಭೂರಚನೆ ಅಂತ ಮಕ್ಕಳಿಗೆ ಇನ್ನಷ್ಟು ಹೊರೆ ಏಕೆ?
– ಕೊಡಗಿನ ಶಿಕ್ಷಕರೊಬ್ಬರು

ಸಂಪಾದಕರ ಉತ್ತರ: ಅಣಕು ಕಾರ್ಯಾಚರಣೆ ಬೇಕು ಮೇಷ್ಟ್ರೇ, ಖಂಡಿತ ಮಾಡಿಸಿ. ಆದರೆ ನಡುರಾತ್ರಿ ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ಇಳಿಜಾರು) ಜರಿಯುವಾಗ ಗಂಟೆ ಬಾರಿಸುವವರು ಯಾರು?

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಯ ಕಡೆ ಗುಡ್ಡ ಇಳಿದಾಗ ಎಷ್ಟೋ ಜನ ‘ಜಲಸ್ಫೋಟ’ ಎಂದರು. ಗುಡ್ಡ ಸಿಡಿಯುವುದಿಲ್ಲ. ಬಿಡದೆ ಸುರಿದ ಮಳೆ ಮಣ್ಣಿನ ಸಂದುಗಳಲ್ಲಿ ತುಂಬಿ ಹಿಡಿತ ಸಡಿಲಿಸುತ್ತದೆ, ಪದರವೇ ಬಂಡೆಯ ಮೇಲಿಂದ ಜಾರುತ್ತದೆ. ರಸ್ತೆಗೋ ಮನೆಗೋ ಬುಡ ಕಡಿದಿದ್ದರೆ ತಡೆಯುವ ಆಸರೆಯೂ ಇಲ್ಲ. ಎಕರೆಗೆ 100 ಮಿ.ಮೀ. ಮಳೆಯೆಂದರೆ ಸುಮಾರು 4 ಲಕ್ಷ ಲೀಟರ್ ನೀರು. ಏಳನೇ ತರಗತಿಯ ಹುಡುಗಿ ಹಾಕಬಲ್ಲ ಈ ಲೆಕ್ಕ ಹೊರೆಯೇ?

ಮಕ್ಕಳಿಗೆ ಇದನ್ನೂ ಕಲಿಸಿ: ಬರೆಯ ಮೇಲೆ ಬಿರುಕು ಕಂಡರೆ ಮನೆಯವರು ಎರಡೂ ಬದಿಗೆ, ಅಂಚಿನಿಂದ ಒಂದಡಿ ಬಿಟ್ಟು, ಗೂಟ ಹೊಡೆಯಲಿ. ಒಂದೂವರೆ ಅಡಿ ಆಳಕ್ಕಿಳಿಯದ ಗೂಟ ದನ ಉಜ್ಜಿದರೂ ವಾಲಿ ಸುಳ್ಳು ಹೇಳುತ್ತದೆ. ತಲೆಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ದಿನವೂ ಟೇಪು ಹಿಡಿದು ಬರೆದಿಡಲಿ. ಅಂತರ ಹಿಗ್ಗುತ್ತಿದ್ದರೆ ಮಳೆ ನಿಂತಿದ್ದರೂ ಮನೆ ಖಾಲಿ ಮಾಡಬೇಕು. ಆಮೇಲೆ ಅಳೆಯಲು ಅಲ್ಲಿಗೆ ಯಾರೂ ಹತ್ತಕೂಡದು. ಬಿರುಕಿಗೆ ಸಡಿಲ ಮಣ್ಣು ಸುರಿದು ನೆಮ್ಮದಿಯಾಗುವವರೇ ಹೆಚ್ಚು. ಅದು ನೀರನ್ನು ತಡೆಯುವುದಿಲ್ಲ, ಬಿರುಕನ್ನು ಕಣ್ಣಿಂದ ಮರೆಮಾಡುತ್ತದೆ ಅಷ್ಟೆ. ಜೇಡಿ ತುಂಬಿ ದಮ್ಮಸ್ಸು ಮಾಡಿ, ಟಾರ್ಪಾಲು ಹೊದಿಸಿ, ಮೇಲಿನ ನೀರನ್ನು ಚರಂಡಿ ತೋಡಿ ಬೇರೆಡೆ ತಿರುಗಿಸಬೇಕು.

ಮಳೆ ಹೊಯ್ಯುತ್ತಿದ್ದರೂ ಹಳ್ಳ ದಿಢೀರನೆ ಬತ್ತಿತೇ? ಮೇಲೆಲ್ಲೋ ಮಣ್ಣು ಬಿದ್ದು ಕಟ್ಟೆ ಕಟ್ಟಿರಬಹುದು. ಮೀನು ಹಿಡಿಯಲು ಇಳಿಯುವ ಹೊತ್ತಲ್ಲ ಅದು, ದಡ ಬಿಟ್ಟು ಎತ್ತರಕ್ಕೆ ಓಡುವ ಹೊತ್ತು.

2004ರ ಸುನಾಮಿಯ ದಿನ ಥಾಯ್ಲೆಂಡಿನ ಫುಕೆಟ್‌ನ ಕಡಲತೀರದಲ್ಲಿ ನೀರು ನೊರೆಯಾಡುವುದನ್ನು ನೋಡಿ ಜನರನ್ನು ಎಚ್ಚರಿಸಿದವಳು ಇಂಗ್ಲೆಂಡಿನ ಹತ್ತು ವರ್ಷದ ಹುಡುಗಿ ಟಿಲ್ಲಿ ಸ್ಮಿತ್. ಎರಡೇ ವಾರದ ಹಿಂದೆ ಅವಳಿಗೆ ಭೂಗೋಳದ ತರಗತಿಯಲ್ಲಿ ಆ ಪಾಠವಾಗಿತ್ತು. ಇಂಡೊನೇಷ್ಯಾದ ಸಿಮೆಲು ದ್ವೀಪದವರು 1907ರ ಸುನಾಮಿಯನ್ನು ಹಾಡು–ಕಥೆಯಲ್ಲಿ ಉಳಿಸಿಕೊಂಡಿದ್ದರು. 2004ರಲ್ಲಿ ನೆಲ ನಡುಗಿದ್ದೇ ಗುಡ್ಡ ಹತ್ತಿದರು.

ನಮ್ಮಲ್ಲೋ, ಭೂಗೋಳ ಸಮಾಜ ವಿಜ್ಞಾನದ ಬಾಲದಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ಯಾಗಿದೆ. ಪಿಯುಸಿಯಲ್ಲಿ ಭೂಗರ್ಭಶಾಸ್ತ್ರ ಕಲಿಸುವ ಕಾಲೇಜು ಹುಡುಕಿಕೊಂಡು ಹೋಗಬೇಕು. ಗುಡ್ಡ ಕಡಿಯಲು ಜೆಸಿಬಿ ಮಾತ್ರ ಪ್ರತಿ ಊರಲ್ಲೂ ಸಿಗುತ್ತದೆ!

ಈ ಮುಂಗಾರಿಗೆ ಇಷ್ಟು ಮಾಡಿ ನೋಡಿ: ಬಾಯಿಂದ ತಳದವರೆಗೆ ಒಂದೇ ಅಗಲದ, ಸಮತಟ್ಟು ತಳದ ಡಬ್ಬಿಯನ್ನು ಬಯಲಲ್ಲಿ ನಿಲ್ಲಿಸಿ, ಬೆಳಿಗ್ಗೆ 8.30ಕ್ಕೆ ಸ್ಕೇಲು ಇಳಿಸಿ ಮಳೆ ಎಷ್ಟು ಮಿ.ಮೀ. ಎಂದು ಮಕ್ಕಳಿಂದ ಬರೆಸಿ. ಸೂರಿನಡಿ ಬೇಡ, ಮರದಡಿಯೂ ಬೇಡ.