ಗುಮ್ಮಟದ ಮನೆಯಲ್ಲಿ ಒಗ್ಗರಣೆ ವಾಸನೆ ಯಾಕೆ ಹೋಗಲ್ಲ?

ಡಲ್ಲಾಸ್‌ನಲ್ಲಿ ಕೆಲಸ, ಅಲ್ಲಿಂದ ದಕ್ಷಿಣಕ್ಕೆ ಟೆಕ್ಸಸ್‌ನ ಇಟಲಿ ಅನ್ನೋ ಊರಿನ ಹತ್ತಿರ ಕಾಂಕ್ರೀಟ್ ಗುಮ್ಮಟದ ಮನೆ ಕೊಂಡಿದ್ದೀರಿ. ಬೆಳಿಗ್ಗೆ ಎದ್ದರೆ ತಲೆ ಭಾರ, ಕಿಟಕಿ ಗಾಜಿನ ಮೇಲೆ ನೀರು, ಭಾನುವಾರದ ಒಗ್ಗರಣೆ ವಾಸನೆ ಬುಧವಾರಕ್ಕೂ ಹೋಗಲ್ಲ. "ಅಕ್ಕ, ಎಸಿ ಇದೆಯಲ್ಲ, ಮತ್ಯಾಕೆ ಹೀಗೆ?" ಅಂತ ಕೇಳಿದ್ದೀರಿ.

ಎಸಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿರೋದನ್ನೇ ತಣ್ಣಗೆ ಮಾಡಿ ಮತ್ತೆ ಒಳಗೇ ಬಿಡುತ್ತದೆ. ನಮ್ಮ ಕಡೆ ಹೆಂಚಿನ ಮನೆಗೆ ಸಂದಿಯಲ್ಲೇ ಗಾಳಿ ಬರುತ್ತಿತ್ತು, ಇಲ್ಲಿಯ ಮರದ ಮನೆಗಳಿಗೂ ಅಷ್ಟೋ ಇಷ್ಟೋ ಬರುತ್ತದೆ. ನಿಮ್ಮದು ಗಾಳಿ ತುಂಬಿ ಉಬ್ಬಿಸಿದ ಬಟ್ಟೆಯ ಒಳಮೈಗೆ ಫೋಮ್ ಹೊಡೆದು, ಸರಳು ಕಟ್ಟಿ, ಕಾಂಕ್ರೀಟ್ ಸಿಂಪಡಿಸಿದ ಒಂದೇ ತುಂಡು. ಸಂದಿ ಎಲ್ಲಿಂದ ಬರಬೇಕು?

ಇನ್ನೊಂದು ತಮಾಷೆ ಕೇಳಿ. ಗುಮ್ಮಟ ತಂಪನ್ನು ಚೆನ್ನಾಗಿ ಹಿಡಿದಿಡುತ್ತದೆ, ಹಾಗಾಗಿ ಎಸಿ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಎಸಿ ಓಡದಿದ್ದರೆ ತೇವವೂ ಹೋಗಲ್ಲ. ಸ್ನಾನ, ಅನ್ನದ ಹಬೆ, ನಮ್ಮ ಉಸಿರು ಎಲ್ಲ ಅಲ್ಲೇ. ಮನೆ ಹೊಸದಾದರೆ ಕಾಂಕ್ರೀಟೇ ತಿಂಗಳುಗಟ್ಟಲೆ ನೀರು ಬಿಡುತ್ತಿರುತ್ತದೆ.

ನಿಮಗೆ ಬೇಕಾದ್ದು ಇಆರ್‌ವಿ, ಅಂದರೆ ಎನರ್ಜಿ ರಿಕವರಿ ವೆಂಟಿಲೇಟರ್ ಅನ್ನೋ ಗಾಳಿ ಬದಲಿಸೋ ಯಂತ್ರ. ಕೊಳೆತ ಗಾಳಿ ಹೊರಗೆ, ಹೊಸ ಗಾಳಿ ಒಳಗೆ. ಎರಡೂ ಪಕ್ಕಪಕ್ಕ ಹಾದುಹೋಗುವಾಗ ಹೊರಗಿನ ಸೆಕೆ, ತೇವದ ಬಹುಪಾಲು ಹೊರಟ ಗಾಳಿಯ ಜೊತೆ ವಾಪಸ್ ಹೋಗುತ್ತದೆ. ಇದರ ತಮ್ಮ ಎಚ್‌ಆರ್‌ವಿ (ಹೀಟ್ ರಿಕವರಿ ವೆಂಟಿಲೇಟರ್) ಅಗ್ಗ ಸಿಕ್ಕಿತು ಅಂತ ತರಬೇಡಿ, ಅದು ಸೆಕೆ ಮಾತ್ರ ತಡೆಯುತ್ತದೆ, ತೇವ ತಡೆಯಲ್ಲ. ಆದರೆ ಇಆರ್‌ವಿ ಕೂಡ ಒಳಗಿನ ತೇವ ಒಣಗಿಸೋ ಯಂತ್ರವಲ್ಲ. ಬೇಸಿಗೆಗೆ ತೇವ ಹೀರೋ ಡಿಹ್ಯುಮಿಡಿಫೈಯರ್ ಬೇರೆ ಬೇಕಾಗಬಹುದು. ಎಷ್ಟು ದೊಡ್ಡ ಇಆರ್‌ವಿ ಬೇಕು ಅನ್ನೋದಕ್ಕೆ ಇಲ್ಲಿ ಬಳಸೋ ಲೆಕ್ಕ: ಚದರಡಿಗೆ 0.03 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ), ಜೊತೆಗೆ ಮಲಗುವ ಕೋಣೆಗಳ ಸಂಖ್ಯೆಗೆ ಒಂದು ಕೂಡಿಸಿ, ಅದನ್ನು 7.5ರಿಂದ ಗುಣಿಸಿ ಸೇರಿಸಿ. ಸಾವಿರ ಚದರಡಿ, ಎರಡು ಕೋಣೆ ಅಂದರೆ ಸುಮಾರು 53.

ತೂತು ಕೊರೆಯೋದೇ ದೊಡ್ಡ ತಲೆನೋವು. ಗುಮ್ಮಟದ ಮೈಗೆ ಸುಮ್ನೆ ಡ್ರಿಲ್ ಇಡಬೇಡಿ, ಸರಳು ಕತ್ತರಿಸುತ್ತದೆ, ಹೊರಗಿನ ಬಟ್ಟೆ ಹರಿದರೆ ನೀರು ಫೋಮಿಗೆ ಇಳಿಯುತ್ತದೆ. ಬಾಗಿಲ ಮೇಲೆ, ಕಿಟಕಿ ಪಕ್ಕ ನೇರ ಗೋಡೆ ಇದ್ದರೆ ಅಲ್ಲಿಂದಲೇ ಪೈಪ್ ತೆಗೆಸಿ. ಗುಮ್ಮಟ ಕಟ್ಟಿ ಗೊತ್ತಿರುವವರನ್ನೇ ಕರೆಸಿ. ಗಾಳಿ ಎಳೆಯೋ ಬಾಯಿ, ಬಿಡೋ ಬಾಯಿ ಹತ್ತಡಿ ದೂರವಿರಲಿ. ಕಾರು ನಿಲ್ಲಿಸೋ ಕಡೆ ಎಳೆಯೋ ಬಾಯಿ ಬೇಡ. ಚಳಿಗಾಲದಲ್ಲಿ ಸೀಡರ್ ಮರದ ಪರಾಗ ಜಾಸ್ತಿ, ಒಳ್ಳೆ ಫಿಲ್ಟರ್ ಹಾಕಿಸಿ.

ಒಗ್ಗರಣೆಗೆ ಮಾತ್ರ ಇಆರ್‌ವಿ ಸಾಲದು. ಒಲೆ ಮೇಲಿನ ಹುಡ್ ಗಾಳಿಯನ್ನು ಹೊರಗೆ ಕಳಿಸುತ್ತದಾ, ಇಲ್ಲ ಮುಖಕ್ಕೇ ವಾಪಸ್ ಊದುತ್ತದಾ ನೋಡಿ. ಇಲ್ಲಿ ಎಷ್ಟೋ ಹುಡ್‌ಗಳು ಎರಡನೇ ಜಾತಿ. ಹೊರಗೆ ಕಳಿಸೋದಾದರೆ, ಅದು ಓಡುವಾಗ ಕಿಟಕಿ ಒಂದಿಷ್ಟು ತೆರೆದಿಡಿ, ಹೋದಷ್ಟು ಗಾಳಿ ಒಳಗೆ ಬರಬೇಕಲ್ಲ.

ನೀರು ಕಾಯಿಸೋದು ಗ್ಯಾಸಿನದಾ, ಕರೆಂಟಿನದಾ ಅಂತ ನೀವು ಬರೆದಿಲ್ಲ. ಗ್ಯಾಸಿನದಾಗಿದ್ದು ಒಳಗೇ ಇದ್ದರೆ, ಹುಡ್ ಎಳೆಯೋ ರಭಸಕ್ಕೆ ಅದರ ಹೊಗೆ ಮನೆಯೊಳಗೆ ತಿರುಗಬಹುದು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಾಸನೆಯಿಲ್ಲದ ವಿಷಗಾಳಿ ಇರಬಹುದು, ತಲೆನೋವು ಅದರ ಲಕ್ಷಣ. ಅದಿದ್ದರೆ ಕೂಗೋ ಅಲಾರಂ ಇವತ್ತೇ ತಂದು ಹಾಕಿ, ಇಆರ್‌ವಿ ಆಮೇಲೆ. ತಲೆ ಭಾರ ಅಂದಿರಲ್ಲ, ಅದಕ್ಕೇ ಹೇಳಿದೆ.